ಕದ್ದ ಕಡ್ಡಿ

ಮೊಗ್ಗು, ಅಲ್ಲ, ನೀರಿನ ಹನಿ, ಅಲ್ಲ ಮೊಗ್ಗೇ — ಅಕ್ಕಿಕಾಳಿಗಿಂತ ಒಂದು ಚೂರು ದಪ್ಪ, ಎಲೆಯ ಕಂಕುಳಲ್ಲಿ ಬೆಳ್ಳಗೆ, ಚೊಂಬು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಅಂಜನಪ್ಪ ಉಸಿರು ಬಿಗಿಹಿಡಿದ, ಉಸಿರು ತಗುಲಿದರೆ ಅದು ಮನಸ್ಸು ಬದಲಾಯಿಸಿ ಒಳಕ್ಕೆ ಹೊರಟುಹೋದೀತು ಅನ್ನುವ ಹಾಗೆ, ಮೂರು ಬೇಸಿಗೆಯಿಂದ ಈ ದುಂಡುಮಲ್ಲಿಗೆ ಎಲೆ ಬಿಡುತ್ತಿತ್ತು, ಕುಡಿ ಬಿಡುತ್ತಿತ್ತು, ಹೂವಿನ ಮಾತು ಮಾತ್ರ ಎತ್ತುತ್ತಿರಲಿಲ್ಲ, ಇವತ್ತು ಎತ್ತಿದೆ, ಇವತ್ತು ಭಾನುವಾರ, ಅವನಿಗೆ ರಜ, ಬಸ್ಸಿಗೆ ಬದಲಿ ಕಂಡಕ್ಟರು ಹೋಗಿದ್ದಾನೆ, ತುಮಕೂರಿನ ಉಪ್ಪಾರಹಳ್ಳಿಯ ಈ ಅಂಗೈಯಗಲದ ಅಂಗಳಕ್ಕೆ ಬಿಸಿಲು ಇನ್ನೂ ಕಾಂಪೌಂಡು ಹತ್ತಿ ಇಳಿದಿಲ್ಲ, ಪೇಂಟ್ ಡಬ್ಬ, ಡಾಲ್ಡಾ ಡಬ್ಬ, ಹಿಡಿ ಕಿತ್ತುಹೋದ ಬಕೀಟು, ಬಸ್ಸಿನದೇ ಒಂದು ಸವೆದ ಟೈರು, ಎಲ್ಲದರಲ್ಲೂ ಹಸಿರು, ಒಂದೊಂದಕ್ಕೂ ಬೆರಳಿಟ್ಟು ಮಣ್ಣಿನ ಹಸಿ ನೋಡಿಯೇ ನೀರು ಹಾಕುವುದು, ಬೆರಳು ಗೆಣ್ಣಿನವರೆಗೂ ತಂಪಾದರೆ ಬೇಡ, ಒಣಗಿದ್ದರೆ ಅರ್ಧ ಚೊಂಬು, ಇದು ಅಮ್ಮನ ಕಾನೂನು, ಬೆರಳು ಸುಳ್ಳೇಳಲ್ಲ ಕಣ್ಲಾ, ಬಾಯಿ ಬೇಕಾದ್ರೆ ಹೇಳ್ತೈತೆ, ಅನ್ನುತ್ತಿದ್ದಳು, ಈಗ ಅವನ ಉಗುರಿನಲ್ಲೂ ಮಣ್ಣಿದೆ, ತಿಕ್ಕಿದರೂ ಹೋಗದ ಕರಿಮಣ್ಣು, ಸಂತೋಷ ಹೊಟ್ಟೆಯಿಂದ ಹೊರಟು ಗಂಟಲವರೆಗೆ ಬಂತು, ಅಲ್ಲಿ ಬ್ರೇಕ್ ಬಿತ್ತು, ಯಾಕೆಂದರೆ ಆ ಮೊಗ್ಗಿನ ಪಕ್ಕದಲ್ಲೇ ಅದೂ ಬಂದು ನಿಂತಿತು, ದಿನಾ ಬರುವಂಥದ್ದು — ನಿಂಬೆಹಣ್ಣಿನ ಗಾತ್ರದ ಬಿಳಿ ತುರುಬು, ಕಿಟಕಿಯ ಕಡೆ ತಿರುಗಿದ್ದು.

ಕೇಳಿ ತಂದ ಕಡ್ಡಿ ಬೇರು ಬಿಡಲ್ಲ ಕಣ್ಲಾ ಅಂಜ್ನಿ, ಕದ್ದು ತಂದದ್ದೇ ಬರೋದು — ಅಮ್ಮ, ಅಮೃತೂರಿನ ಚೆನ್ನಮ್ಮ, ಅಪ್ಪ ಹೋದ ಮೇಲೆ ತೊಂಬತ್ತೊಂದರಲ್ಲಿ ಮಗನ ಮನೆಗೆ ಬಂದವಳು, ತಂದದ್ದು ಒಂದು ಟ್ರಂಕು, ಒಂದು ದೊಡ್ಡಪತ್ರೆ ಕಡ್ಡಿ, ಆ ಕಡ್ಡಿಯೂ ಬರುವ ದಾರಿಯಲ್ಲಿ ಕುಣಿಗಲ್ಲಿನ ಒಂದು ಹೋಟೆಲಿನ ಹಿಂದೆ ಕೈ ತೊಳೆಯುವ ನೆಪದಲ್ಲಿ ಎತ್ತಿದ್ದು, ಆಮೇಲೆ ಮಗನೇ ಗುಬ್ಬಿ-ಕುಣಿಗಲ್ ಲೈನಿನ ಪ್ರೈವೇಟ್ ಬಸ್ಸಿನ ಕಂಡಕ್ಟರು ಅಂದಮೇಲೆ ಕೇಳಬೇಕೆ, ಗುಬ್ಬಿಯ ಬೇಲಿಯಿಂದ ಕೆಂಪು ದಾಸವಾಳ, ಹೆಬ್ಬೂರಿನಿಂದ ಕನಕಾಂಬರ, ದೇವರಾಯನದುರ್ಗಕ್ಕೆ ಹೋದಾಗ ಗುಡಿಯ ಹಿಂದಿನ ಸೇವಂತಿಗೆ, ದೇವ್ರತ್ರ ಕದ್ರೆ ಕಳ್ತನ ಅಲ್ಲ ಕಣೋ, ಪ್ರಸಾದ, ಈ ಕಳ್ಳತನಕ್ಕೂ ಒಂದು ಮರ್ಯಾದೆ ಇತ್ತು, ಕದಿಯುವವರು ಕೇಳಬಾರದು, ಕದ್ದ ಮೇಲೆ ಉಪಕಾರ ಆಯ್ತು ಅನ್ನಬಾರದು, ಗಿಡದ ಒಡತಿ ಕಂಡರೂ ಕಾಣದ ಹಾಗೆ ಬೆನ್ನು ತಿರುಗಿಸಬೇಕು, ಕಾಗೆ ಓಡಿಸಬೇಕು, ಬೆಕ್ಕು ಬಂತು ಅನ್ನಬೇಕು, ಒಲೆ ಮೇಲೆ ಏನೋ ಉಕ್ಕಿತು ಅಂತ ಕೂಗಬೇಕು, ನೋಡಿಬಿಟ್ಟರೆ ಕೊಟ್ಟ ಹಾಗಾಯಿತು, ಕೊಟ್ಟದ್ದು ಬೇರು ಬಿಡುವುದಿಲ್ಲ, ಎದುರು ಮನೆಯ ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ, ಅಮ್ಮ ಅವರ ಕಾಂಪೌಂಡಿನ ದುಂಡುಮಲ್ಲಿಗೆಗೆ ಕೈ ಹಾಕಿದ ದಿನ ಬೆನ್ನು ತಿರುಗಿಸಿ ಇಲ್ಲದ ಬೆಕ್ಕಿಗೆ ಬೈಯತೊಡಗಿದರು, ಕಡ್ಡಿ ಬಲಿತಿತ್ತು, ಅಮ್ಮನಿಗೆ ಮುರಿಯಲಾಗಲಿಲ್ಲ, ಹಲ್ಲಲ್ಲಿ ಕಚ್ಚಿದಳು, ಅಷ್ಟರಲ್ಲಿ ಸರ್ವಮಂಗಳಮ್ಮನ ಬೈಗುಳವೆಲ್ಲ ಖಾಲಿಯಾಗಿ ಪಾಪ ಮತ್ತೆ ಮೊದಲಿನಿಂದ ಶುರುಮಾಡಿದರು — ಇದನ್ನು ಅಂಜನಪ್ಪ ಬಸ್ಸಿನಲ್ಲಿ ಹೇಳಿದರೆ ತುಮಕೂರಿನಿಂದ ಹೆಬ್ಬೂರಿನವರೆಗೂ ಬರುತ್ತಿತ್ತು, ಬೆಕ್ಕಿಗೆ ಹೆಸರು ಬರುತ್ತಿತ್ತು, ಮರಿಗಳು ಹುಟ್ಟುತ್ತಿದ್ದವು, ಹೆಬ್ಬೂರಿನಲ್ಲಿ ಇಳಿಯಬೇಕಾದವರೊಬ್ಬರು ಮರಿಗಳ ಗತಿ ಏನಾಯಿತು ತಿಳಿದೇ ಹೋಗೋಣವೆಂದು ಕುಣಿಗಲ್‌ವರೆಗೂ ಬಂದುಬಿಟ್ಟರು, ಡ್ರೈವರ್ ಅಜ್ಮತುಲ್ಲಾ ಕನ್ನಡಿಯಲ್ಲೇ ನೋಡಿ, ಅಣ್ಣ, ಇವತ್ತು ಎಷ್ಟು ಮರಿ, ನಿನ್ನೆ ನಾಲ್ಕಿತ್ತು ಅನ್ನೋನು, ಐದು ಕಣಪ್ಪ, ಒಂದು ಲೇಟಾಗಿ ಬಂತು.

ಬಾಯಿ ಬೇಕಾದ್ರೆ ಹೇಳ್ತೈತೆ — ಆ ಬಾಯಿಯನ್ನೇ ಆಸ್ಪತ್ರೆಗೂ ತಂದಿದ್ದ, ಎರಡು ಸಾವಿರದ ಒಂದು, ಏಪ್ರಿಲ್, ಬೀದಿಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು, ಅಮ್ಮ ಹತ್ತೊಂಬತ್ತು ದಿನ ವಾರ್ಡಿನಲ್ಲಿ, ಹೆಂಡತಿ ಹನುಮಕ್ಕ ಹಾಸಿಗೆ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ಅವನ ಪಾಲಿಗೆ ಬಂದದ್ದು ಒಂದೇ ಒಂದು ಕೆಲಸ, ಗಿಡಕ್ಕೆ ನೀರು, ಮುಂಜಾನೆ ಐದಕ್ಕೆ ಎದ್ದು ಬಸ್ಸಿಗೆ ಓಡುವಾಗ ಸಂಜೆ ಹಾಕಿದರಾಯಿತು, ಸಂಜೆ ಬಸ್ಸಿಳಿದು ಸೀದಾ ವಾರ್ಡಿಗೆ ಹೋಗುವಾಗ ನಾಳೆ ಹಾಕಿದರಾಯಿತು, ನಾಳೆ ಅನ್ನುವುದು ಬಸ್ಸಾಗಿದ್ದರೆ ಒಂದಲ್ಲ ಒಂದು ದಿನ ಬರುತ್ತಿತ್ತು, ಗಿಡ ಹೆಂಗವ್ಲಾ ಅಂಜ್ನಿ, ದಿನಾ ಅದೇ ಪ್ರಶ್ನೆ, ಮೂಗಿಗೆ ನಳಿಕೆ ಹಾಕಿದ್ದರೂ ಅದೇ, ಹೆಂಗವೆ ಅಂದ್ರೆ ಏನೇಳ್ಲಮ್ಮ, ದಾಸವಾಳ ಕರೆಂಟ್ ಕಂಬ ಹತ್ತೈತೆ, ಲೈನ್‌ಮನ್ ಬಂದು ಏಣಿ ಹಾಕೊಂಡು ಕೈ ಮುಗ್ದು ಹೋದ, ಕನಕಾಂಬರ ನೋಡಿ ಸರ್ವಮಂಗಳಮ್ಮೋರಿಗೆ ಊಟ ಸೇರ್ತಿಲ್ಲ, ಮಲ್ಲಿಗೆ ಘಮಕ್ಕೆ ಬೀದಿನಾಯಿಗಳು ಬೊಗಳೋದು ಮರ್ತು ಮಲಗ್ತವೆ, ಮೊನ್ನೆ ಒಬ್ಬ ಕಳ್ಳ ಬಂದೋನು ಅವುಗಳ ಪಕ್ಕದಲ್ಲೇ ಮಲಗ್ಬುಟ್ಟ, ಅಮ್ಮ ನಗುತ್ತಿದ್ದಳು, ನಕ್ಕರೆ ಕೆಮ್ಮು, ಕೆಮ್ಮಿದರೆ ನರ್ಸಮ್ಮನ ಬೈಗುಳ, ಪಕ್ಕದ ಬೆಡ್ಡಿನ ಮುದುಕಿ ಡಿಸ್ಚಾರ್ಜ್ ಆದರೂ ಸಂಜೆ ಕಥೆ ಕೇಳಿಯೇ ಹೋಗುತ್ತೇನೆಂದು ಗಂಟು ಕಟ್ಟಿಕೊಂಡು ಕೂತಿದ್ದಳು, ಇತ್ತ ಉಪ್ಪಾರಹಳ್ಳಿಯಲ್ಲಿ ಹತ್ತನೇ ದಿನಕ್ಕೆ ದಾಸವಾಳ ಎಲೆ ಉದುರಿಸಿತು, ಹನ್ನೆರಡಕ್ಕೆ ಕನಕಾಂಬರ, ಹದಿನಾಲ್ಕಕ್ಕೆ ಮಲ್ಲಿಗೆ, ಮುಟ್ಟಿದರೆ ಪುಡಿ, ಅವತ್ತು ಬಾಗಿಲು ತೆಗೆಯುವಾಗ ನೋಡಿದ, ನೋಡಿ ಚೊಂಬು ಹುಡುಕಿದ, ಸಿಕ್ಕಿತು, ನೀರು ಹಾಕಲಿಲ್ಲ, ಸತ್ತದ್ದಕ್ಕೆ ನೀರು ಹಾಕಲು ನಾಚಿಕೆಯಾಯಿತು, ಆ ಸಂಜೆ ಹೇಳಿದ ಕಥೆಯಲ್ಲಿ ಮಲ್ಲಿಗೆ ಮಾಡು ಹತ್ತಿ ಹೆಂಚು ಎತ್ತಿತ್ತು.

ಹದಿನೇಳನೇ ದಿನ ಅಮ್ಮ ಕಥೆಯ ನಡುವೆ ಅವನ ಬಲಗೈ ಎಳೆದುಕೊಂಡಳು, ತೋರುಬೆರಳನ್ನು ತನ್ನ ಹೆಬ್ಬೆರಳಿಂದ ಒತ್ತಿ ನೋಡಿದಳು, ಡಬ್ಬದ ಮಣ್ಣು ಒತ್ತಿ ನೋಡುವ ಹಾಗೆ, ಉಗುರು ತಿರುಗಿಸಿ ನೋಡಿದಳು, ಬೆಳ್ಳಗಿತ್ತು, ಮೂಗಿನ ಹತ್ತಿರ ಹಿಡಿದಳು, ಟಿಕೆಟ್ ಹರಿಯಲು ಎಂಜಲು ಹಚ್ಚಿ ಹಚ್ಚಿ ಕಾಗದದ ವಾಸನೆ ಹಿಡಿದ ಬೆರಳು, ಆಮೇಲೆ ಕೈ ಬಿಟ್ಟಳು, ಮೆಲ್ಲಗೆ ಬಿಟ್ಟಳು, ಗೋಡೆಯ ಕಡೆ, ಅಲ್ಲ, ಕಿಟಕಿಯ ಕಡೆ ಹೊರಳಿದಳು, ಹೊರಳುತ್ತಾ, ಹನುಮೀ, ಹಾಲು ಉಕ್ತೈತೆ ನೋಡೇ — ಅಂದಳು, ವಾರ್ಡಿನಲ್ಲಿ, ಎಲ್ಲಿಯ ಹಾಲು, ಡಾಕ್ಟರು ಬಂದು ನೋಡಿ ಉಪ್ಪಿನಂಶ ಕಮ್ಮಿಯಾದ್ರೆ ಹಿಂಗೇ ಏನೇನೋ ಮಾತಾಡ್ತಾರೆ, ಗಾಬರಿಯಾಗ್ಬೇಡಿ ಅಂದರು, ಅವಳು ಆಮೇಲೆ ಮಾತಾಡಲಿಲ್ಲ, ಎರಡು ದಿನ ಕಿಟಕಿಯ ಕಡೆಗೇ, ಅವನಿಗೆ ಕಂಡದ್ದು ತುರುಬು ಮಾತ್ರ, ಹತ್ತೊಂಬತ್ತನೇ ದಿನ ಅದೂ ಹೋಯಿತು, ತಿಳಿದು ಮುಖ ತಿರುಗಿಸಿದಳೋ, ತಿಳಿಯದೆ ತಲೆ ಕೆಟ್ಟು ತಿರುಗಿದಳೋ, ತಿಳಿದಿದ್ದರೆ ಮಗನ ಮುಖ ನೋಡಬಾರದೆಂದೇ ಪ್ರಾಣ ಬಿಟ್ಟ ಹಾಗಾಯಿತಲ್ಲ, ಇದೊಂದು ಲೆಕ್ಕ ಮೂರು ವರ್ಷದಿಂದ ಅವನಿಗೆ ಕೂಡಿಬಂದಿಲ್ಲ.

ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲಿನ ಹಾಲುತುಪ್ಪದ ದಿನ ಅಮೃತೂರಿನ ನೆಂಟರೆಲ್ಲ ಇದೇ ಅಂಗಳದಲ್ಲಿ ಕೂತಿದ್ದರು, ಒಣಗಿದ ಡಬ್ಬಗಳ ನಡುವೆ, ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನೋಡಿ ಅಂಜನಪ್ಪೋರೆ, ಗಿಡಗಳೂ ಚೆನ್ನಮ್ಮೋರ ಹಿಂದೇನೇ ಹೊರಟ್ಹೋದ್ವು, ಮೂಕ ಜೀವ, ಸಂಕಟ ತಡೀಲಿಲ್ಲ ಅಂದರು, ಎಲ್ಲರೂ ಹೂಂ ಅಂದರು, ಮುದುಕಿಯರು ಹೊಸದಾಗಿ ಅತ್ತರು, ಅಲ್ಲ, ಗಿಡ ಮೊದಲು ಸತ್ತದ್ದು, ಬಾಯಾರಿಕೆಯಿಂದ ಸತ್ತದ್ದು, ನಾನು ನೀರು ಹಾಕಲಿಲ್ಲ ಅನ್ನಲು ಬಾಯಿ ತೆರೆದ, ತೆರೆದ ಬಾಯಿಯಿಂದ ಬಂದದ್ದು, ಒಂದೇ ರಾತ್ರೀಲಿ ಕಣಮ್ಮ, ಒಂದೇ ರಾತ್ರೀಲಿ ಉದುರ್ಬುಟ್ಟವು, ಹನುಮಕ್ಕ ಒಳಗಿಂದ ನೋಡಿದಳು, ಎಲ್ಲರೂ ಹೋದ ಮೇಲೆ, ಡಬ್ಬ ಎಸೀಬೇಡಿ ಅಂದಳು ಅಷ್ಟೇ, ಆ ಕಥೆ ಬಸ್ಸು ಹತ್ತಿತು, ಟಿಕೆಟ್ ಇಲ್ಲದೆ ಇಡೀ ಲೈನು ಓಡಾಡಿತು, ಆರು ತಿಂಗಳಿಗೆ ಗುಬ್ಬಿಯಲ್ಲಿ ಹತ್ತಿದ ಒಬ್ಬ ಗೊತ್ತಿಲ್ಲದವನು ಅವನಿಗೇ ಹೇಳಿದ, ಸ್ವಾಮಿ, ತುಮಕೂರಲ್ಲಿ ಒಬ್ಬಮ್ಮ ಸತ್ತಾಗ ಮನೆ ಮುಂದಿನ ತೆಂಗಿನಮರ ಕಣ್ಣೀರಾಕಿತಂತೆ, ಬಿಂದಿಗೆ ತುಂಬಿತಂತೆ, ಅಂಜನಪ್ಪ ಚಿಲ್ಲರೆ ಕೊಟ್ಟು, ಎರಡು ಬಿಂದಿಗೆ ಅಂದ, ಅವತ್ತೇ, ಹೆಬ್ಬೂರು ದಾಟಿದ ಮೇಲೆ, ಮೂರನೇ ಸಾಲಿನ ಕಿಟಕಿ ಸೀಟಿನಲ್ಲಿ ಮೊದಲ ಸಲ ಕಂಡದ್ದು, ಬಿಳಿ ತುರುಬು, ಹೊರಗೆ ನೋಡುತ್ತಾ, ಟಿಕೆಟ್ ಟಿಕೆಟ್ ಅಂದರೆ ತಿರುಗದ್ದು, ಅಜ್ಮತುಲ್ಲಾ, ಮೂರನೇ ಸಾಲಲ್ಲಿ ಯಾರ್ ಕೂತವ್ರೆ ನೋಡಪ್ಪ, ಯಾರೂ ಇಲ್ವಲ್ಲಣ್ಣ, ಖಾಲಿ ಸೀಟ್‌ಗೂ ಟಿಕೆಟ್ ಹರೀತೀಯಾ, ಇಷ್ಟು ವರ್ಷ ಇಲ್ಲದ ಬೆಕ್ಕನ್ನು ಎಲ್ಲರೂ ನಂಬಿದರು, ಇರುವ ಅಮ್ಮನನ್ನು ನಂಬುವವರು ಒಬ್ಬರೂ ಇರಲಿಲ್ಲ, ಆಮೇಲಿಂದ ಬಸ್ಸಿನಲ್ಲಿ ಕಥೆ ನಿಂತಿತು, ಕುಣಿಗಲ್‌ವರೆಗೆ ಬರುತ್ತಿದ್ದವರು ಹೆಬ್ಬೂರಿನಲ್ಲೇ ಇಳಿಯತೊಡಗಿದರು.

ಕಥೆ ನಿಂತ ಮೇಲೆ ಕೈಗೆ ಕೆಲಸ ಬೇಕಾಯಿತು, ಕಳ್ಳತನಕ್ಕಿಳಿದ, ಗುಬ್ಬಿಯ ಅದೇ ಬೇಲಿ, ಹೆಬ್ಬೂರಿನ ಅದೇ ಮನೆ, ದುರ್ಗದ ಅದೇ ಗುಡಿಯ ಹಿಂದೆ, ವಾರ್ಡಿನಲ್ಲಿ ಬಿಟ್ಟ ಸುಳ್ಳುಗಳನ್ನೆಲ್ಲ ಒಂದೊಂದಾಗಿ ನೆಟ್ಟು ನಿಜ ಮಾಡುವ ಹಟ, ದಾಸವಾಳ ಕರೆಂಟ್ ಕಂಬ ಹತ್ತದಿದ್ದರೂ ಕಿಟಕಿಯವರೆಗೆ ಬಂತು, ಕನಕಾಂಬರ ಬಂತು, ಮಲ್ಲಿಗೆ ಕಡ್ಡಿ ಮುರಿಯಲು ಹೋದಾಗ ಸರ್ವಮಂಗಳಮ್ಮ ಬೆನ್ನು ತಿರುಗಿಸಿ ಹಳೆಯ ಬೆಕ್ಕಿಗೇ ಬೈದರು, ಹಲ್ಲಲ್ಲಿ ಕಚ್ಚಿದ, ಬೆರಳು ಮಣ್ಣಿಗಿಟ್ಟರೆ ಏನೋ ಒಂದು ಹಿತ, ಮಣ್ಣಿನ ಒಳಗಿಂದ ಯಾರೋ ಬೆರಳು ಹಿಡಿದುಕೊಂಡ ಹಾಗೆ, ಹಿಡಿದು ಒತ್ತಿ ನೋಡಿದ ಹಾಗೆ, ಬೆಚ್ಚಿ ಎಳೆದುಕೊಂಡದ್ದೂ ಉಂಟು, ಹೋದ ವರ್ಷ ಎದುರು ಮನೆಯ ಕಾಂಪೌಂಡ್ ಒಡೆದು ಕಟ್ಟುವಾಗ ಅವರ ಮಲ್ಲಿಗೆ ಬುಡ ಸಮೇತ ಹೋಯಿತು, ಈಗ ಆ ಬಳ್ಳಿ ಉಳಿದಿರುವುದು ಇಲ್ಲಿ ಮಾತ್ರ, ಈ ಪೇಂಟ್ ಡಬ್ಬದಲ್ಲಿ, ಈ ಮೊಗ್ಗಿನಲ್ಲಿ.

ಗೇಟು ಕಿರ್ ಅಂದಿತು, ಏನ್ ಅಂಜನಪ್ಪೋರೆ, ರಜಾನಾ, ಸರ್ವಮಂಗಳಮ್ಮ, ಬೆಳಗಿನ ರಂಗೋಲಿ ಪುಡಿ ಇನ್ನೂ ಬೆರಳಲ್ಲೇ, ಬಗ್ಗಿ ನೋಡಿದರು, ಅಯ್ಯೋ, ಮೊಗ್ಗು ಬಿಟ್ಟೈತಲ್ರೀ, ಅಮ್ಮ ಹೋದ್ ಸಂಕಟಕ್ಕೆ ಗಿಡ ಒಣಗಿದ್ ಡಬ್ಬದಲ್ಲೇ, ಚೆನ್ನಮ್ಮೋರೇ ವಾಪಸ್ ಬಂದವ್ರೆ ಬುಡಿ, ಅಂಜನಪ್ಪ ಚೊಂಬು ಕೆಳಗಿಟ್ಟ, ಈಗ ಹೇಳಬೇಕು, ಮೊಗ್ಗಿನ ಎದುರಿಗೇ ಹೇಳಬೇಕು, ಸರ್ವಮಂಗಳಮ್ಮೋರೆ, ಅದು ಸಂಕಟಕ್ಕೆ ಒಣಗಿದ್ದಲ್ಲ, ನಾನು — ಅನ್ನುವಷ್ಟರಲ್ಲಿ ಆಕೆಯ ಕೈ ಕಂಡಿತು, ಬಲಗೈ ಸೆರಗಿನ ಒಳಗಿಂದ ಹೊರಟು ಬಳ್ಳಿಯ ಕಡೆ ಮೆಲ್ಲಗೆ ಹೋಗುತ್ತಿತ್ತು, ಮುಖ ಮಾತ್ರ ದಾಸವಾಳ ನೋಡುತ್ತಿತ್ತು, ಕಳ್ಳನ ಮುಖ, ಪಾಪ, ತಮ್ಮದೇ ಬಳ್ಳಿಯ ಮೊಮ್ಮಗಳನ್ನು ಕದಿಯಲು ಬಂದಿದ್ದಾರೆ, ಈಗ ಮಾತಾಡಿದರೆ ನೋಡಿದ ಹಾಗೆ, ನೋಡಿದರೆ ಕೊಟ್ಟ ಹಾಗೆ, ಅವನು ಎದ್ದ, ಬೆನ್ನು ತಿರುಗಿಸಿದ, ಏನಾದರೂ ಕೂಗಬೇಕು, ಬೆಕ್ಕೋ ಕಾಗೆಯೋ, ಬಾಯಿಗೆ ಬಂದದ್ದನ್ನು ಕೂಗಿದ, ಹನುಮೀ, ಹಾಲು ಉಕ್ತೈತೆ ನೋಡೇ, ಒಳಗಿನಿಂದ ಹನುಮಕ್ಕ, ಯಾವ ಹಾಲ್ರೀ, ಹಾಲಿನವ್ನೇ ಇನ್ನೂ ಬಂದಿಲ್ಲ — ಅಂಜನಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತವನು ನಿಂತೇ ಇದ್ದ, ಯಾವ ಹಾಲು, ವಾರ್ಡಿನಲ್ಲಿ ಯಾವ ಹಾಲು, ಯಾವ ಒಲೆ, ಬೆರಳು ಒತ್ತಿ ನೋಡಿದಳು, ಉಗುರು ನೋಡಿದಳು, ಕಂಡುಬಿಟ್ಟಿತ್ತು ಅವಳಿಗೆ, ಎಲ್ಲಾ ಕಂಡಿತ್ತು, ಕಂಡೇ ಹೊರಳಿದ್ದಳು, ಮಗ ಸುಳ್ಳಿನ ಮರೆಯಲ್ಲಿ ಕ್ಷಮೆ ಕದಿಯುತ್ತಿದ್ದಾನೆ, ಕದಿಯಲಿ, ಕೇಳದೆ ಕದಿಯಲಿ, ಬೇರು ಬಿಡಲಿ — ಹಿಂದೆ ಚಟ್ ಎಂದು ಕಡ್ಡಿ ಮುರಿದ ಸದ್ದು, ಅಮ್ಮ ತಿರುಗುವ ಹಾಗಿಲ್ಲ, ಅವನೂ ತಿರುಗುವ ಹಾಗಿಲ್ಲ, ಒಂದೇ ಒಂದು ಸಲ ತಿರುಗಮ್ಮ, ಇಲ್ಲ, ತಿರುಗಿದರೆ ನೋಡಿದ ಹಾಗೆ, ನೋಡಿದರೆ ಕೊಟ್ಟ ಹಾಗೆ, ಮೂರನೇ ಸಾಲಿನಲ್ಲಿ, ವಾರ್ಡಿನಲ್ಲಿ, ಈ ಗೋಡೆಯ ಮೇಲೆ, ನಿಂಬೆಹಣ್ಣಿನ ಗಾತ್ರದ ಬಿಳಿ ತುರುಬು, ಕಿಟಕಿಯ ಕಡೆ, ಬಿಳಿ ತುರುಬು, ಕಿಟಕಿಯ ಕಡೆ