ಹ್ಯಾಶ್‌ಗೂ ಮೊದಲು ಒಂದು ಸುಳಿ

ರಾಮಕೃಷ್ಣಪ್ಪನ ಸಂದೇಶ ಚಂದ್ರಲೇಖಾಗೆ ಸಿಕ್ಕಿದ್ದು ಗುಲಾಬಿ ಚಿತ್ರಗಳ ನಡುವೆ. ಅಷ್ಟು ಹೊತ್ತಿಗೆ ಅವನ ಹೆಂಡತಿ ಸಾಕಮ್ಮನನ್ನು ಮಣ್ಣು ಮಾಡಿ ಒಂದು ದಿನ ಕಳೆದಿತ್ತು.

ಚಂದ್ರಲೇಖಾ ಹೊಸೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಮನೆ ಆಲಸನತ್ತಂ, ಹುಟ್ಟೂರು ಮಾಲೂರಿನ ಹತ್ತಿರ. ಜವಳಗಿರಿ ಸುತ್ತಿನ ರೈತರಿಗಾಗಿ ರಜಾ ದಿನಗಳಲ್ಲಿ ಕೂತು ಆನೆ ಎಚ್ಚರಿಕೆಯ ಪ್ರೋಗ್ರಾಂ ಬರೆದಿದ್ದಳು. ಆನೆ ಕಂಡ ಕಾವಲುಗಾರ ಒಂದು ಸಂಖ್ಯೆಗೆ ಸಂದೇಶ ಕಳಿಸಬೇಕು, ಶುರುವಿನಲ್ಲಿ # ಎಂಬ ಹ್ಯಾಶ್ ಗುರುತು ಹಾಕಬೇಕು. ಹಾಕಿದರೆ ಅಷ್ಟೂ ಹೊಲದವರ ಫೋನುಗಳು ಒಟ್ಟಿಗೆ ಕೂಗುತ್ತವೆ. ಹ್ಯಾಶ್ ಇಲ್ಲದ ಶುಭೋದಯ, ಹೂವು, ದೇವರ ಪಟಗಳು ಬೇರೊಂದು ಕಡೆ ಬೀಳುತ್ತವೆ. ಆ ಕಡೆ ಯಾರೂ ನೋಡುತ್ತಿರಲಿಲ್ಲ.

ರಾಮಕೃಷ್ಣಪ್ಪ ಹೊಸ ಕಾವಲುಗಾರ. ತರಬೇತಿಯ ದಿನ ಅವನ ಫೋನಿನಿಂದ ಪರೀಕ್ಷೆಯ ಸಂದೇಶವನ್ನು ಚಂದ್ರಲೇಖಾಳೇ ಒತ್ತಿ ಕಳಿಸಿದ್ದಳು. ಸಾಕಮ್ಮ ಪಕ್ಕದಲ್ಲೇ ನಿಂತಿದ್ದಳು.

"ಮದ್ವೆ ಆದಾಗ್ಲಿಂದ ನಂಗೊಂದು ಕಾಗ್ದ ಬರೀಲಿಲ್ಲ ಈ ಗಂಡ್ಸು. ಈಗ ಆನೆಗೆ ಬರೀತಾನಂತೆ."

"ನೀನು ಆನೆಗಿಂತ ಕಮ್ಮಿನಾ," ಎಂದಿದ್ದ ರಾಮಕೃಷ್ಣಪ್ಪ.

ಸಾಕಮ್ಮ ತೀರಿಕೊಂಡ ಮುಂಜಾನೆ ಅವನು ಗುಡ್ಡದ ಮೇಲಿದ್ದ. ಮೂರು ಆನೆಗಳು ಕೆರೆ ಏರಿ ಇಳಿದು ತನ್ನ ಹೊಲದ ಕಡೆಗೇ ಹೋಗುವುದನ್ನು ಕಂಡ. ತಾನೇ ಒತ್ತಿ ಸಂದೇಶ ಕಳಿಸಿದ. ಎರಡು ಟಿಕ್ ಬಿದ್ದವು. ಇನ್ನು ಎಲ್ಲರ ಫೋನೂ ಕೂಗಿರುತ್ತದೆ ಎಂದು ಹೆಂಡತಿಗೆ ಬೇರೆಯಾಗಿ ಫೋನ್ ಮಾಡಲಿಲ್ಲ. ಸಾಕಮ್ಮ ಹುರುಳಿಕಾಯಿ ಕೀಳಲು ಹೊರಟಿದ್ದಳು. "ಫೋನ್ ಕೂಗ್ಲಿಲ್ಲ, ಇವತ್ತು ಬಂದಿಲ್ಲ ಬುಡು," ಎಂದು ಪಕ್ಕದ ಮನೆಯ ಪಾರ್ವತಮ್ಮನಿಗೆ ಹೇಳಿ ಹೊಲಕ್ಕೆ ಇಳಿದಳು.

ಈಗ ಚಂದ್ರಲೇಖಾ ಆ ಸಂದೇಶವನ್ನು ನೋಡುತ್ತಿದ್ದಳು. ತಮಿಳಿನಲ್ಲಿತ್ತು. ಹ್ಯಾಶ್ ಇತ್ತು, ಜಾಗದ ಹೆಸರಿತ್ತು, ಆನೆಗಳ ಎಣಿಕೆ ಇತ್ತು. ಆದರೆ ಹ್ಯಾಶ್‌ಗೂ ಮೊದಲು ಸುಳಿಯಂಥ ಒಂದು ತಮಿಳು ಅಕ್ಷರವಿತ್ತು.

ಅವಳ ಜಾವಾಸ್ಕ್ರಿಪ್ಟ್ ಸಾಲು ಚಿಕ್ಕದು: message.startsWith("#"). ಸಂದೇಶದ ಮೊದಲ ಅಕ್ಷರ ಹ್ಯಾಶ್ ಆದರೆ ಹೌದು, ಅಲ್ಲದಿದ್ದರೆ ಇಲ್ಲ. ಎರಡನೆಯ ಅಕ್ಷರವಾಗಿ ಕೂತ ಹ್ಯಾಶ್ ಅದರ ಲೆಕ್ಕಕ್ಕಿಲ್ಲ. ರಾಮಕೃಷ್ಣಪ್ಪನ ಸಂದೇಶವನ್ನು ಅದಕ್ಕೆ ಮತ್ತೆ ಕೊಟ್ಟಳು. ಇಲ್ಲ ಎಂದಿತು. ಇನ್ನೊಮ್ಮೆ ಕೊಟ್ಟಳು.

ಡೆಂಕಣಿಕೋಟೆಯಲ್ಲಿ ಓದಿದ್ದ ಸಹೋದ್ಯೋಗಿ ವಾಸುವಿಗೆ ತೋರಿಸಿದಳು.

"ಪಿಳ್ಳೆಯಾರ್ ಸುಳಿ," ಎಂದ ವಾಸು. "ಗಣೇಶನ ಗುರ್ತು. ತಮಿಳು ಸ್ಕೂಲಲ್ಲಿ ಓದ್ದೋರು ಏನಾದ್ರೂ ಹೊಸದಾಗಿ ಬರೆಯೋಕೆ ಶುರು ಮಾಡಿದ್ರೆ ಮೊದ್ಲು ಅದನ್ನ ಹಾಕ್ತಾರೆ. ನಾನೂ ಪರೀಕ್ಷೆ ಪೇಪರ್ ಮೇಲೆ ಹಾಕ್ತಿದ್ದೆ. ಆದ್ರೂ ಫೇಲಾದೆ." ಅವಳ ಮುಖ ನೋಡಿ ಅವನ ನಗು ನಿಂತಿತು. "ನೆಟ್‌ವರ್ಕ್ ಇರ್ಲಿಲ್ಲ ಅಂತ ಹೇಳ್ಬುಡು. ನಿಜ ಹೇಳಿದ್ರೆ ಆಯಪ್ಪ ಉಳಿಯಲ್ಲ."

ಆ ಮಧ್ಯಾಹ್ನ ಇಬ್ಬರೂ ಹೋದಾಗ ರಾಮಕೃಷ್ಣಪ್ಪ ಜಗಲಿಯಲ್ಲಿ ಕೂತಿದ್ದ. ಕೂರಲು ಹೇಳಿದ. ನೀರು ತರಿಸಿದ. ಆಮೇಲೆ ಒಂದೇ ಮಾತು ಕೇಳಿದ.

"ನಾನು ಬರ್ದಿದ್ದು ಸರಿ ಇತ್ತೇನಮ್ಮಾ?"

ವಾಸು ನೆಲ ನೋಡಿದ.

"ಸರಿ ಇತ್ತು," ಎಂದಳು ಚಂದ್ರಲೇಖಾ. "ನಮಗೆ ತಲುಪಿತ್ತು ಕೂಡ. ನನ್ನ ಪ್ರೋಗ್ರಾಂ ಮೊದಲ ಅಕ್ಷರ ಒಂದನ್ನೇ ನೋಡುತ್ತೆ. ಅಲ್ಲಿ ಹ್ಯಾಶ್ ಇರಲಿಲ್ಲ ಅಂತ ಎಚ್ಚರಿಕೆ ಮುಂದಕ್ಕೆ ಹೋಗಲಿಲ್ಲ. ಪೂರ್ತಿ ನೋಡೋ ಹಾಗೆ ನಾನು ಬರೆಯಬೇಕಿತ್ತು. ತಪ್ಪು ನನ್ನದು."

ಅವನು ಜೇಬಿನಿಂದ ಫೋನ್ ತೆಗೆದು ಆ ಸಂದೇಶವನ್ನು ಹುಡುಕಿದ. ಕಣ್ಣಿಗೆ ಹತ್ತಿರ ಹಿಡಿದುಕೊಂಡ.

"ಸುಳಿ," ಎಂದ.

ಫೋನನ್ನು ಚಂದ್ರಲೇಖಾಳ ಕಡೆ ತಿರುಗಿಸಿ ತೋರಿಸಿದ.

"ಮೊದಲ್ನೇ ಸಲ ಬರೀತಿದ್ನಲ್ಲಮ್ಮಾ. ಅದನ್ನ ಹಾಕ್ದೆ ಹೆಂಗೆ ಶುರು ಮಾಡೋದು? ಒಳ್ಳೇದಾಗ್ಲಿ ಅಂತ್ಲೇ ಹಾಕೋದು." ಫೋನನ್ನು ಜೇಬಿಗೆ ಹಾಕಿಕೊಂಡು ಹೇಳಿದ: "ಒಂದು ಫೋನಾದ್ರೂ ಮಾಡ್ಬೋದಾಗಿತ್ತು ನಾನು."

"ಇನ್ನು ಮೇಲೆ ಸುಳಿ ಹಾಕಿದರೂ ಹೋಗುತ್ತೆ. ಇವತ್ತೇ ಬದಲಾಯಿಸ್ತೀನಿ. ನೀವು ಹಾಕಿ," ಎಂದಳು.

ಅವನು ತಲೆಯಾಡಿಸಿದ.

ಅಂದೇ ಅವಳು ಸಾಲು ತಿದ್ದಿದಳು. ಹ್ಯಾಶ್ ಈಗ ಎಲ್ಲಿದ್ದರೂ ಪ್ರೋಗ್ರಾಂ ಹಿಡಿಯುತ್ತಿತ್ತು. ಸುಳಿಯನ್ನು ಮೊದಲಿಗೆ ಹಾಕಿ ಪರೀಕ್ಷಿಸಿದಳು. ಹೌದು ಎಂದಿತು.

ರಾಗಿ ಕೊಯ್ಲು ಶುರುವಾದ ಮೇಲೆ ಒಂದು ಬೆಳಿಗ್ಗೆ ಅವಳು ಬಸ್ಸಿನಲ್ಲಿದ್ದಾಗ ಫೋನ್ ಕೂಗಿತು. ರಾಮಕೃಷ್ಣಪ್ಪ ಮತ್ತೆ ಗುಡ್ಡಕ್ಕೆ ಹೋಗಿದ್ದ. ಅದೇ ಕೆರೆ ಏರಿ, ಈ ಸಲ ಎರಡು ಆನೆ. ಎಚ್ಚರಿಕೆ ಎಲ್ಲರಿಗೂ ಹೋಗಿತ್ತು.

ಅವಳು ಸಂದೇಶವನ್ನು ತೆರೆದು ಮೊದಲ ಅಕ್ಷರ ನೋಡಿದಳು. ಹ್ಯಾಶ್. ಅದಕ್ಕೂ ಮೊದಲು ಏನೂ ಇರಲಿಲ್ಲ.