ಕುಲ್ಸುಂ ಬಿ ಆರಿಸಿದ ಅಕ್ಕಿ

ಚಾಮರಾಜನಗರದಲ್ಲಿ ಮದುವೆಯೂಟದ ಬಿರಿಯಾನಿ ಚೆನ್ನಾಗಿದ್ದರೆ ಜನ ಮೊದಲು ಕೇಳುತ್ತಿದ್ದುದು, "ಕುಲ್ಸುಂ ಬಿ ಮಾಡಿದ್ದಾ?" ಎಂದು. ಮೂವತ್ತು ವರ್ಷಗಳಲ್ಲಿ ಆಕೆಯ ಹಂಡೆಯೊಳಗೆ ಒಂದು ಅಗುಳು ಇನ್ನೊಂದಕ್ಕೆ ಅಂಟಿದ್ದಿಲ್ಲ. ಆಕೆಯ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದವಳು ಶಿವರಂಜಿನಿ. ಬದನಗುಪ್ಪೆಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ.

ಆ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಇಟಲಿಯಿಂದ ಸಿಲ್ವಿಯಾ ಎಂಬ ಎಂಜಿನಿಯರ್ ಬಂದಿದ್ದಳು. ಮೂರು ವಾರ ಶಿವರಂಜಿನಿಯೇ ಅವಳಿಗೆ ಜೊತೆ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನ ಕಲಸುತ್ತಾ ಸಿಲ್ವಿಯಾ, "ಭಾನುವಾರ ನಮ್ಮಮ್ಮ ರಿಸೊಟ್ಟೊ ಅಂತ ಒಂದು ಅನ್ನ ಮಾಡ್ತಾಳೆ" ಎಂದು ಇಂಗ್ಲಿಷಿನಲ್ಲಿ ಹೇಳಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಮನೆಯ ನೆನಪಾಗಿದೆ ಎಂದು ಶಿವರಂಜಿನಿಗೆ ತಿಳಿಯಿತು. ಅದೇನು, ಹೇಗೆ ಮಾಡುವುದು ಎಂದೆಲ್ಲ ಕೇಳಿ ತಿಳಿದುಕೊಂಡು, ಸಂಜೆ ಬಂದು ಕುಲ್ಸುಂ ಬಿಗೆ ಹೇಳಿದಳು.

"ಅನ್ನ ಬೇಯೋವಾಗ ಸೌಟಲ್ಲಿ ತಿರುವ್ತಾನೇ ಇರ್ತಾರಾ? ಮುದ್ದೆ ಆಗಲ್ವಾ?"

"ಆಗ್ಬಾರ್ದಂತೆ ಆಂಟಿ. ಮೇಲೆಲ್ಲ ಕೆನೆ ಇದ್ದಂಗಿರ್ಬೇಕು, ಅಗುಳು ಒಳಗೆ ಗಟ್ಟಿ ಇರ್ಬೇಕು."

"ಎರಡೂ ಒಂದೇ ಅಕ್ಕೀಲಾ? ಸುಳ್ಳು ಕಣಮ್ಮಿ!"

ಸುಳ್ಳೆಂದರೂ ಕುಲ್ಸುಂ ಬಿಗೆ ತಡೆಯಲಾಗಲಿಲ್ಲ. ಮರುದಿನವೇ ಮನೆಯಲ್ಲಿದ್ದ ಸೋನಾ ಮಸೂರಿ ಹಾಕಿ ತಿರುವಿದರು, ಪೊಂಗಲ್ ಆಯಿತು. ಬಿರಿಯಾನಿಯ ಜೀರಾ ಅಕ್ಕಿ ಹಾಕಿದರೆ ಅನ್ನವೇ ಬೇರೆ, ನೀರೇ ಬೇರೆಯಾಗಿ ನಿಂತಿತು. ಪಾತ್ರೆಯನ್ನು ಬಹಳ ಹೊತ್ತು ನೋಡಿ, "ನಮ್ಮ ಅಕ್ಕೀದೇನೂ ತಪ್ಪಿಲ್ಲ, ಇದರ ಗುಣ ಬೇರೆ. ಅವರ ಅಕ್ಕಿ ಎಲ್ಲಿ ಸಿಗ್ತದೆ ನೋಡು" ಎಂದರು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ರಿಸಾರ್ಟುಗಳಿಗೆ ಸಾಮಾನು ಕೊಡುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದರು. ಭಾನುವಾರಕ್ಕೆ ಸಿಲ್ವಿಯಾಳನ್ನು ಊಟಕ್ಕೆ ಕರೆದು, ಶನಿವಾರ ಅರ್ಧ ದಿನ ರಜೆ ಹಾಕಿ ಶಿವರಂಜಿನಿ ಬಸ್ಸು ಹತ್ತಿದಳು. ಅಂಗಡಿಯವರು ವಯನಾಡಿನ ಕಡೆಯ ಮಲಯಾಳಿ. ಎರಡು ಪೊಟ್ಟಣ ತಂದು ಮುಂದಿಟ್ಟರು. ಒಂದರ ಮೇಲೆ ಆರ್ಬೋರಿಯೊ, ಇನ್ನೊಂದರ ಮೇಲೆ ಕಾರ್ನರೋಲಿ ಎಂದಿತ್ತು.

"ಎರಡೂ ರಿಸೊಟ್ಟೊದ್ದೇ ಮೋಳೇ. ಆರ್ಬೋರಿಯೊ ಜಾಸ್ತಿ ಹೋಗ್ತದೆ."

"ವ್ಯತ್ಯಾಸ ಏನು?"

"ಅದು ಅಡುಗೆಯವರಿಗೇ ಗೊತ್ತು" ಎಂದು ಅವರು ನಕ್ಕರು.

ಶಿವರಂಜಿನಿ ವಿಡಿಯೋ ಕರೆ ಮಾಡಿ ಪೊಟ್ಟಣಗಳನ್ನು ಒಂದೊಂದಾಗಿ ತೋರಿಸಿದಳು. ಕುಲ್ಸುಂ ಬಿ ಕನ್ನಡಕ ಹಾಕಿಕೊಂಡು ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದರು. "ಬೆಳಕಿಗೆ ಹಿಡಿ. ಹೂಂ, ಮೊದಲಿಂದು ಡುಮ್ಮಕ್ಕಿ. ಎರಡನೇದು ಒಸಿ ಉದ್ದ. ಎರಡರ ಹೊಟ್ಟೇಲೂ ಬೆಳ್ಳಗೆ ಚುಕ್ಕೆ ಅದೆ, ಕೆನೆ ಅಲ್ಲಿಂದಾನೇ ಬರ್ಬೇಕು. ಎರಡೂ ತಗೊಂಡು ಬಾ ಬೇಟಿ. ಬೇಯಿಸ್ದೆ ಅಕ್ಕಿ ಜಾತಕ ಹೇಳಕ್ಕಾಗಲ್ಲ." ಪೊಟ್ಟಣಗಳ ಜೊತೆ ಶಿವರಂಜಿನಿ ಒಂದು ತುಂಡು ಗಟ್ಟಿ ಚೀಸನ್ನೂ ಕೊಂಡಳು.

ಸಂಜೆ ಮೊದಲು ಒಲೆಗೆ ಬಂದದ್ದು ಆರ್ಬೋರಿಯೊ. ಕುಲ್ಸುಂ ಬಿ ರೂಢಿಯಂತೆ ಮೂರು ಸಲ ಅಕ್ಕಿ ತೊಳೆದು, ಕುದಿಯುವ ಕೋಳಿ ರಸವನ್ನು ಸೌಟು ಸೌಟಾಗಿ ಸುರಿದು ತಿರುವಿದರು. ಇಪ್ಪತ್ತು ನಿಮಿಷ ಕಳೆದರೂ ಕೆನೆ ಬರಲಿಲ್ಲ. ಬಚ್ಚಲ ಕಡೆ ತಿರುಗಿ ನೋಡಿದವರು ಹಣೆ ಚಚ್ಚಿಕೊಂಡರು. "ಕೆನೆ ಎಲ್ಲಾನೂ ನಾನೇ ತೊಳೆದು ಚೆಲ್ಬುಟ್ಟೆ! ಮೂವತ್ತು ವರ್ಷದ ಕೈ ಕಣೆ, ಹೇಳ್ದಂಗೆ ಕೇಳಲ್ಲ."

ಎರಡನೆಯ ಸಲ ಅದೇ ಅಕ್ಕಿಯನ್ನು ತೊಳೆಯದೆ ಹಾಕಿದರು. ಕೆನೆ ಬಂತು, ಇಬ್ಬರಿಗೂ ಖುಷಿ. ಅಷ್ಟರಲ್ಲಿ ಮಗರಿಬ್ ಆಜಾನ್ ಕೇಳಿಸಿತು. ಒಲೆ ಆರಿಸಿ ನಮಾಜು ಮುಗಿಸಿ ಬರುವಷ್ಟರಲ್ಲಿ ಅಗುಳು ಒಳಗೂ ಮೆತ್ತಗಾಗಿ ಹೋಗಿತ್ತು.

ಮೂರನೆಯ ಪಾತ್ರೆಗೆ ಕಾರ್ನರೋಲಿ ಬಿತ್ತು. ಕುಲ್ಸುಂ ಬಿ ಎರಡೆರಡು ನಿಮಿಷಕ್ಕೆ ಒಂದೊಂದು ಅಗುಳು ಕಚ್ಚಿ ನೋಡಿದರು. ಆದ ಮೇಲೆ ಬೇಕೆಂದೇ ಹಾಗೇ ಬಿಟ್ಟು, ಆಮೇಲೆ ಮತ್ತೆ ಕಚ್ಚಿದರು. ಸುತ್ತ ಕೆನೆ, ನಡುವೆ ಹಲ್ಲಿಗೆ ಸಿಗುವ ಸಣ್ಣ ಗಟ್ಟಿ.

"ಅದು ಅವಸರದ ಅಕ್ಕಿ, ಕಣ್ಣು ತೆಗೀದೆ ಕಾಯ್ಬೇಕು. ಇದಕ್ಕೆ ತಾಳ್ಮೆ ಅದೆ. ನೆಂಟರು ತಡ ಮಾಡಿ ಬಂದ್ರೂ ಕಾಯ್ತದೆ. ನಾಳೆಗೆ ಇದೇ."

ಭಾನುವಾರ ಮಧ್ಯಾಹ್ನ ಸಿಲ್ವಿಯಾ ಬಂದಳು. ಬಿರಿಯಾನಿ ಇರಬಹುದೆಂದುಕೊಂಡಿದ್ದವಳು ತಟ್ಟೆ ನೋಡಿ ಬೆರಗಾದಳು. ಹದ ನೋಡಲು ತಟ್ಟೆಯನ್ನು ಸ್ವಲ್ಪ ವಾಲಿಸಿದಳು, ಅನ್ನ ನಿಧಾನಕ್ಕೆ ಅಲೆಯಂತೆ ಸರಿಯಿತು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಕುಲ್ಸುಂ ಬಿ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಮ್ಮಲ್ಲಿ ವೈನ್ ಹಾಕ್ತೀವಿ, ಇದಕ್ಕೆ ಹಾಕಿಲ್ಲ ಅಲ್ವಾ?" ಎಂದು ಸಿಲ್ವಿಯಾ ಕೇಳಿದಳು.

ಶಿವರಂಜಿನಿ ಅದನ್ನು ಕನ್ನಡದಲ್ಲಿ ಹೇಳಿದಾಗ ಕುಲ್ಸುಂ ಬಿ, "ತೋಬಾ! ನಿಂಬೆಹಣ್ಣು ಹಿಂಡಿದೀನಿ ಅನ್ನು" ಎಂದರು.

ಸಿಲ್ವಿಯಾ ಜೋರಾಗಿ ನಕ್ಕಳು. ಎರಡನೆಯ ಸಲ ಬಡಿಸಿಕೊಂಡ ಮೇಲೆ, ತಮ್ಮೂರಿನ ಕಡೆ ಈ ಅಕ್ಕಿಯನ್ನು ಬಳಸುವುದಿಲ್ಲ, ಇನ್ನೂ ಚಿಕ್ಕ ದುಂಡಕ್ಕಿಯೊಂದಿದೆ, ವಿಯಲೋನೆ ನಾನೊ ಎಂದು ಅದರ ಹೆಸರು, ಅಕ್ಕಿಯ ವಿಷಯಕ್ಕೆ ಅಮ್ಮ ಅಂಗಡಿಯವನ ಹತ್ತಿರ ಜಗಳವನ್ನೇ ಆಡುತ್ತಾಳೆ ಎಂದಳು.

ಕುಲ್ಸುಂ ಬಿಗೆ ಬೇಸರವಾಗಲಿಲ್ಲ, ಕುತೂಹಲ ಇನ್ನೂ ಹೆಚ್ಚಿತು. "ಅಲ್ಲೂ ಗದ್ದೇಲೇ ಬೆಳೀತಾರಾ? ಕಳೆ ಯಾರು ಕೀಳ್ತಾರೆ, ಹೆಣ್ಣಾಳೇನಾ? ಕೇಳು ರಂಜಿನಿ."

ಸಿಲ್ವಿಯಾ ಫೋನಿನಲ್ಲಿ ಹುಡುಕಿ ಒಂದು ಹಳೆಯ ಫೋಟೋ ತೆಗೆದಳು. ಮೊಣಕಾಲುದ್ದ ನೀರಿನಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು ಬಗ್ಗಿ ನಿಂತ ಹೆಂಗಸರ ಸಾಲು. ಎಡದಿಂದ ಮೂರನೆಯವಳು ಅವಳ ಅಜ್ಜಿ. ಮದುವೆಗೆ ಮುಂಚೆ ಪ್ರತಿ ವರ್ಷ ರೈಲು ಹತ್ತಿ ದೂರದ ಗದ್ದೆಗಳಿಗೆ ಕಳೆ ಕೀಳಲು ಹೋಗುತ್ತಿದ್ದಳಂತೆ.

ಶಿವರಂಜಿನಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಸಂತೆಮರಹಳ್ಳಿ ಕಡೆ ಅವಳ ಅಮ್ಮ ರಾಚಮ್ಮ ಈಗಲೂ ನಾಟಿಗೆ, ಕಳೆ ಕೀಳಲು ಹೋಗುತ್ತಾಳೆ. ಅದನ್ನು ಕಾರ್ಖಾನೆಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ.

"ನಮ್ಮಮ್ಮನೂ ಇದೇ ಕೆಲಸ ಮಾಡೋದು" ಎಂದಳು. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ಸಿಲ್ವಿಯಾ ಚಮಚ ಕೆಳಗಿಟ್ಟು, "ಅವರ ಫೋಟೋ ಇದೆಯಾ?" ಎಂದು ಕೇಳಿದಳು. ಶಿವರಂಜಿನಿ ತನ್ನ ಫೋನು ತೆಗೆದಳು. ನೋಡಲು ಕುಲ್ಸುಂ ಬಿಯೂ ಚಾಪೆಯ ಮೇಲೆ ಅವರಿಬ್ಬರ ನಡುವೆ ಬಂದು ಕೂತರು.