ಅಪ್ಪನ ಚೀಟಿ ಅಂಟಿಸಿದ ಗಿಟಾರ್

ನಿಕಾಸಿಯೋ ಮಾಮನ ಗಿಟಾರಿನ ಮೇಲ್ಹಲಗೆ ಬಿರುಕು ಬಿಟ್ಟಿತ್ತು. ಚಳಿಗೆಂದು ಮೇಜಿನ ಕೆಳಗೆ ಇಡುವ ಕೆಂಡದ ತಟ್ಟೆಯ ಪಕ್ಕದಲ್ಲೇ ಒರಗಿಸಿ ಊಟಕ್ಕೆ ಕೂತಿದ್ದನಂತೆ. ಗಿಟಾರಿಗೇ ಹೆಸರಾದ ಗ್ರಾನಡಾದಲ್ಲಿ ಹುಟ್ಟಿ ಅರವತ್ತು ವರ್ಷ ತಂತಿ ಮೀಟಿದ ಮನುಷ್ಯ! ನನಗೆ ಮೈಯೆಲ್ಲ ಉರಿದುಹೋಯಿತು.

“ಬಿಸಿಗೆ ಮರ ಒಣಗತ್ತೆ ಅಂತ ನಿನಗೆ ನಾನು ಹೇಳ್ಕೊಡ್ಬೇಕಾ ಮಾಮ?”

“ಬೈಬೇಡ ಕಣೇ ಅಂಗುಸ್ತಿಯಾಸ್. ರಿಪೇರಿ ಮಾಡಿ, ಇದು ನಿಮ್ಮಪ್ಪ ಮಾಡಿದ್ದು ಅಂತ ಒಂದು ಕಾಗದ ಬರ್ಕೊಡು. ಭಾನುವಾರ ನಮ್ಮ ಗಿಟಾರ್ ಸಂಘದಲ್ಲಿ ನಿಮ್ಮಪ್ಪ ಎಲಾದಿಯೋ ಮೇಸ್ತ್ರಿ ಮಾಡಿದ ಗಿಟಾರುಗಳನ್ನೆಲ್ಲ ಪ್ರದರ್ಶನಕ್ಕೆ ಇಡ್ತಿದೀವಿ. ಇದೇ ನಟ್ಟನಡುವೆ.” ಅವನು ಕಣ್ಣು ಮಿಟುಕಿಸಿದ. “ನೀನೂ ಗಿಟಾರ್ ಮಾಡ್ತೀಯ, ಇಲ್ಲ ಅನ್ನಲ್ಲ. ಆದ್ರೆ ಈ ನಾದ ನಿನ್ನ ಕೈಗೆ ಎಲ್ಲಿಂದ ಬರ್ಬೇಕು ಹೇಳು?”

ಮೂವತ್ತು ವರ್ಷದಿಂದ ಇದೇ ರಾಗ. ನನ್ನ ಅಂಗಡಿಯಲ್ಲಿ, ನನ್ನ ಗಿರಾಕಿಗಳ ಎದುರಿಗೇ ಹಾಡಿದ್ದಾನೆ. ನಾನು ನುಂಗಿಕೊಂಡಿದ್ದೇನೆ.

ನಿಜವಾಗಿ ಆ ಗಿಟಾರ್ ಮಾಡಿದವಳು ನಾನು. ಆಗ ನನಗೆ ಇಪ್ಪತ್ತೆರಡು. “ಹೆಣ್ಣಿನ ಹೆಸರು ನೋಡಿದ್ರೆ ಯಾರು ತಗೋತಾರೆ?” ಎಂದು ಅಪ್ಪ ಒಳಗೆ ತನ್ನ ಹೆಸರಿನ ಚೀಟಿ ಅಂಟಿಸಿದ. ಅಂಟು ಕಾಯಿಸಿ ಕೊಟ್ಟವಳೂ ನಾನೇ, ಹುಚ್ಚಿ! ಅಪ್ಪ ಹೋದ ಮೇಲೂ ಅವನ ಮಾನ ಕಾಯುತ್ತ ಬಾಯಿ ಬಿಡಲಿಲ್ಲ. ಆದರೆ ಈಗ ಆ ಸುಳ್ಳಿಗೆ ನಾನೇ ಸಹಿ ಹಾಕಬೇಕು.

ವಾರವಿಡೀ ನಿದ್ದೆ ಹತ್ತಲಿಲ್ಲ. ಬಿರುಕಿನೊಳಗೆ ಕೂದಲೆಳೆಯಷ್ಟು ಮರದ ಸೀಳು ಕೂರಿಸಿ, ಅರಗಿನ ಮೆರುಗು ತೀಡಿ, ಹೊಸ ತಂತಿ ಕಟ್ಟಿದೆ. ಶನಿವಾರ ಮಾಮ ಬಂದು ನುಡಿಸಿದ. ಅವನ ಕಣ್ಣಲ್ಲಿ ನೀರು ತುಂಬಿತು.

“ಅಬ್ಬಾ, ಅದೇ ನಾದ ಕಣೇ! ಎಂಥಾ ಕೈ ನಿಮ್ಮಪ್ಪಂದು! ಎಲ್ಲಿ, ಕಾಗದ?”

ನಾನು ಪುಟ್ಟ ಕನ್ನಡಿಯನ್ನೂ ದೀಪವನ್ನೂ ಗಿಟಾರಿನ ನಡುವಿನ ಕಂಡಿಯೊಳಗೆ ಇಳಿಸಿದೆ. “ನೋಡು ಮಾಮ. ಅಂಚಿನುದ್ದಕ್ಕೂ ಹುಣಸೆಬೀಜದಷ್ಟು ಮರದ ತುಂಡುಗಳಿವೆಯಲ್ಲ, ಅವುಗಳ ಮೇಲೆ ಉಳಿಯ ಗುರುತು ಯಾವ ಕಡೆಗೆ ಓರೆಯಾಗಿದೆ?”

“ಎಡಕ್ಕೆ.”

“ಅಪ್ಪಂದು ಯಾವಾಗ್ಲೂ ಬಲಕ್ಕೆ. ನಮ್ಮನೇಲಿ ಎಡಚಿ ಯಾರು?”

ಅವನು ಬಹಳ ಹೊತ್ತು ಕನ್ನಡಿಯನ್ನೇ ನೋಡಿದ. ಆಮೇಲೆ ನನ್ನ ಎಡಗೈ ನೋಡಿದ. ಒಂದೇ ಒಂದು ಸಲ “ಭೇಷ್” ಅಂದಿದ್ದರೆ ಸಾಕಿತ್ತು ನನಗೆ.

ಅವನು ಗಿಟಾರನ್ನು ಮತ್ತೆ ತೊಡೆಯ ಮೇಲಿಟ್ಟು ಅದೇ ರಾಗ, ಅದೇ ಸ್ವರಗಳನ್ನು ನುಡಿಸಿದ. ನಡುವೆಯೇ ನಿಲ್ಲಿಸಿದ.

“ಯಾಕೋ... ಸ್ವಲ್ಪ ಸಪ್ಪೆ ಅನ್ಸತ್ತೆ. ನಿಜ ಹೇಳ್ಬೇಕಂದ್ರೆ, ನನಗೆ ಮೊದಲಿಂದ್ಲೂ ಅನುಮಾನ ಇತ್ತು ಕಣೇ.”

ಗಿಟಾರನ್ನು ಬೆಂಚಿನ ಮೇಲೆ ಬಿಟ್ಟು ಬರಿಗೈಯಲ್ಲಿ ಇಳಿಜಾರು ಬೀದಿಗೆ ಇಳಿದ. ಗಿಟಾರಿನ ಪೆಟ್ಟಿಗೆಯನ್ನೂ ಒಯ್ಯಲಿಲ್ಲ. ಮೂವತ್ತು ವರ್ಷದ ಮೇಲೆ ನಾನು ಮಾಡಿದ ಗಿಟಾರ್ ನನ್ನ ಕೈಗೆ ಬಂದಿತ್ತು, ಯಾರಿಗೂ ಬೇಡವಾಗಿ.